ತಲಿದೆಸಿಯ ಹಾರಿ

ಹಿಂದಿನ ಓಣ್ಯಾಗ ಬೀಗ ಒಡದ್ರಂತ ಸುದ್ದಿ ಬಂದ ದಿನ
ನಮ್ಮ ಓಣಿ ಮಲಗೂದು ಮರತಿತು.

ಸವಣೂರವರ ಕಸ್ತೂರಕ್ಕ ತಲಿದಿಂಬಿನ ಬುಡಕ ಬ್ಯಾಡಗಿ ಖಾರಪುಡಿ ಇಟ್ಲು,
ಪೇಪರಿನ ಪೊಟ್ಟಣ, ಮ್ಯಾಲ ರಬ್ಬರ್ ಬ್ಯಾಂಡು.
ಮಗ್ಗಲ ಬದಲಿಸಿದಾಗೊಮ್ಮೆ ತಾನಽ ಸೀನಿ
ಗಂಡನ್ನ ಎಬ್ಬಿಸ್ತಿದ್ಲು.
ಟೇಲರ್ ಮೌಲಾಸಾಬ ಕಾಕಾನ ಹಾಸಿಗಿ ಮಗ್ಗಲಕ ದೊಡ್ಡ ಕತ್ತರಿ.
ಅಳತಿ ತೊಗೊಳ್ಳದ ಹೆಂಗ ಕತ್ತರಿಸಲಿ ಅಂತ
ತಾನಽ ಕೇಳಿ, ತಾನಽ ನಗತಿದ್ದ.
ರಿಟಾಯರ್ ಆದ ಹೊಳೆಪ್ಪ ಮಾಸ್ತರು ಕ್ರಿಕೆಟ್ ಬ್ಯಾಟು ತಂದ್ರು.
ಸಂಜಿಕ ಹುಡುಗೂರು ಅದನ್ನ ಬೇಡಕೊಂಡು ಒಯ್ದು
ಗಟಾರಕ್ಕ ಚೆಂಡು ಹೊಡದ್ರು.

ನನ್ನ ಗಂಡ ಗದಗ ರೋಡಿನ ವರ್ಕ್‌ಶಾಪಿನಾಗ ಫಿಟ್ಟರ್.
ರಾತ್ರಿ ಪಾಳಿ ಅಂದ್ರ ನಾನು, ಎರಡು ಹುಡುಗ್ಯಾರು,
ಒಂದು ಚಿಲಕ.
ಹಳೇ ಗೋಡಿ ಕೆಡವಿದಾಗ ಉಳಿದ ಹಾರಿ ಇತ್ತು,
ನಾಕೂವರಿ ಫೂಟು, ಎಂಟು ಕಿಲೋ.
ಅದನ್ನ ಹೊರಸಿನ ತಲಿದೆಸಿಗೆ ನಿಲ್ಲಿಸಿ
ಇದು ಇದ್ರ ನಾ ಇದ್ಹಂಗ ಅಂದು
ಬುತ್ತಿ ಡಬ್ಬಿ ತೊಗೊಂಡು ಹೋದ.

ಅದು ಬಂದ ಮ್ಯಾಲ ನನ್ನ ಕಿವಿ ಬ್ಯಾರೇ ಆದವು.
ಮೊದಲ ಇಲಿ ಅಂದ್ರ ಇಲಿ,
ನಳದ ಹನಿ ಅಂದ್ರ ನಳದ ಹನಿ.
ಈಗ ಹನಿಗೆ ಕಾಲು ಬಂದವು, ಇಲಿ ಅಂಗಿ ತೊಟ್ಟಿತು.
ದೂರ ಯಾರ್ಡಿನಾಗ ವ್ಯಾಗನ್ನು ವ್ಯಾಗನ್ನಿಗೆ ಹಾದ ಸಪ್ಪಳಕ್ಕ
ಕೈ ತಾನಽ ಹೋಗಿ ಕಬ್ಬಿಣ ಮುಟ್ಟತಿತ್ತು.
ಒಂದಿನ ಸಣ್ಣಾಕಿ ನೀರು ಕುಡ್ಯಾಕ ಎದ್ಲು.
ಎರಡೂ ಕೈಲೆ ಹಾರಿ ಎತ್ತಿ ನಿಂತಿದ್ದೆ ನಾನು.
ಅಕಿ ಕಣ್ಣು ತಿಕ್ಕೊಂಡು ಕೇಳಿದ್ಲು:
ಅವ್ವಾ, ಇಷ್ಟೊತ್ತಿನಾಗ ಏನ ಅಗೀತಿ?

ಅಂವ ಬಂದದ್ದು ಶೀಗಿ ಹುಣ್ಣಿವಿ ಇನ್ನೂ ನಾಕು ದಿನ ಇದ್ದಾಗ,
ಬಚ್ಚಲದ ತಗಡು ಸರಿಸಿ.
ನಾ ಎಚ್ಚರಿದ್ದೆ. ಎಲ್ಲಾ ಕಂಡೆ.
ಕಡ್ಡಿಯಂಥ ಮುಂಗೈ, ಅದಕ್ಕೊಂದು ಕರಿದಾರ.
ಸಕ್ಕರಿ ಡಬ್ಬಿ ಕಿವಿ ಸನೇಕ ಹಿಡದು ಅಲುಗಾಡಿಸಿದ,
ತಿರುಗಿ ಅದರ ಜಾಗಾಕ್ಕ ಇಟ್ಟ.
ದೊಡ್ಡಾಕಿ ಕಾಲು ಚಾಪಿ ಬಿಟ್ಟು ಹೊರಗ ಚಾಚಿತ್ತು.
ಮಲಗಿದವರನ್ನ ದಾಟಬಾರದಂತ
ಅವಗೂ ಯಾರೋ ಹೇಳಿಕೊಟ್ಟಿರಬೇಕು,
ಸುತ್ತು ಹಾಕಿ ಬಂದು
ನನ್ನ ತಲಿ ಕಡೆ ನಿಂತ.

ಹಾರಿ ಎತ್ತಿದ.
ಕೈಯಾಗ ತೂಗಿ ನೋಡಿದ.
ನನ್ನ ಹಣಿ ಎಷ್ಟು ತೆಳ್ಳಗೈತಿ ಅಂತ
ನನಗ ಗೊತ್ತಾದದ್ದು ಆವಾಗ.
ಅಂವ ಗುಜರಿ ಅಂಗಡಿಯ ಲೆಕ್ಕದಾಗಿದ್ದ, ಕಾಣಸ್ತದ:
ಕಿಲೋಕ್ಕ ಇಷ್ಟು, ಎಂಟು ಕಿಲೋಕ್ಕ ಎಷ್ಟು.
ಹೆಗಲ ಮ್ಯಾಲ ಇಟಗೊಂಡು
ಕೂಲಿಗೆ ಹೊಂಟವರ್ಹಂಗ ಮುಂಬಾಗಿಲದಿಂದನಽ ಹೋದ.
ಹೋಗುವಾಗ ಬಾಗಿಲ ಮುಂದ ಮಾಡಿದ.

ನಸಿಕಿನ್ಯಾಗ ಬಂದ ಗಂಡ ಬೈದ:
ಎಚ್ಚರಿದ್ದಾಕಿ ಯಾಕ ಹೊಡೀಲಿಲ್ಲ?
ಹೊಡ್ಯೂದು ಅವನ ಕೈಯಾಗಿತ್ತು, ಅಂದೆ.

ಓಣಿ ಎಲ್ಲಾ ನಕ್ಕಿತು.
ಕಾವಲುಗಾರನ್ನಽ ಹೊತಗೊಂಡು ಹೋದ್ನಲ್ಲೋ ಅಂತ ಮೌಲಾಸಾಬ ಕಾಕಾ
ಸೂಜಿ ಬಿಟ್ಟು ನಕ್ಕ.
ನಾನೂ ನಕ್ಕೆ.
ನಮ್ಮ ಮನ್ಯಾಗ ಕದಿಯೂವಂಥಾದ್ದು ಅದೊಂದಽ ಇತ್ತು ಅನ್ನೂದು
ನಮಗೂ ಅವತ್ತಽ ತಿಳದದ್ದು.

ಪಗಾರ ಆದ ಮ್ಯಾಲ ಹೊಸಾದು ತರತೀನಿ ಅಂದಾನ.
ಎರಡು ಪಗಾರ ಆದವು.

ಅದು ನಿಲ್ಲತಿದ್ದ ಕಡೆ ಶಹಾಬಾದಿ ಫರಸಿ
ಚಕ್ಕಿ ಎದ್ದು ಸಣ್ಣ ಕುಣಿ ಬಿದ್ದದ.
ಯಾರ್ಡಿನಾಗ ವ್ಯಾಗನ್ನು ಹಾದಾಗ
ಈಗೂ ನನ್ನ ಕೈ ಹೊರಸಿನಿಂದ ಕೆಳಗಿಳದು
ಕತ್ತಲದಾಗ ತಡಕಾಡತದ,
ಆ ಕುಣಿ ಸಿಕ್ಕಿತಂದ್ರ
ಅದರಾಗ ಒಂದು ಬೊಟ್ಟು ಇಟ್ಟು
ಹಂಗಽ ಮಲಗತದ.